ಹನ್ನೆರಡು ಚಿತ್ರಗಳ ಹಂಪಿ

ನಿಮ್ಮ ಪರ್ಸಿನಲ್ಲಿ ಐವತ್ತು ರೂಪಾಯಿಯ ಹೊಸ ನೋಟು ಇದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. 2017ರಲ್ಲಿ ಬಂದ ನೀಲಿ ಬಣ್ಣದ ನೋಟು ಅದು. ಅದರ ಹಿಂಬದಿಯಲ್ಲಿ ನಮ್ಮ ಹಂಪಿಯ ಕಲ್ಲಿನ ರಥವಿದೆ. ದಿನವೂ ತರಕಾರಿಯವಳ ಕೈಗೆ, ಬಸ್ಸಿನ ಕಂಡಕ್ಟರನ ಕೈಗೆ ಈ ರಥವನ್ನು ಕೊಡುತ್ತಲೇ ಇರುತ್ತೇವೆ, ಆದರೆ ನೋಡುವುದಿಲ್ಲ. ಈಗ ಒಂದು ಸಲ ನೋಡಿ. ರಥದ ಮೇಲ್ಭಾಗ ಮಟ್ಟಸವಾಗಿದೆ, ಅಲ್ಲವೇ? ತೇರು ಎಂದ ಮೇಲೆ ಅದಕ್ಕೊಂದು ಶಿಖರ ಬೇಡವೇ? ನಮ್ಮೂರ ಜಾತ್ರೆಯ ತೇರನ್ನು ನೆನಪಿಸಿಕೊಂಡರೆ ಈ ರಥ ತಲೆಗೆ ರುಮಾಲು ಸುತ್ತದ ಗೌಡರ ಹಾಗೆ ಬೋಳು ಬೋಳಾಗಿ ಕಾಣುತ್ತದೆ.

ಈ ರಥಕ್ಕೂ ಒಂದು ಕಾಲಕ್ಕೆ ಶಿಖರವಿತ್ತು. ಇಟ್ಟಿಗೆ ಗಾರೆಯಿಂದ ಕಟ್ಟಿದ್ದ ಶಿಖರ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಇಳಿಸಿಬಿಟ್ಟರು. ಅದು ಇತ್ತು ಎಂದು ಇಂದು ನಾವು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ 1856ರಲ್ಲಿ ತೆಗೆದ ಒಂದು ಫೋಟೋ. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದೇನೆ. ವಿಜಯನಗರದ ಪಾಠದಲ್ಲಿ ಸಂಗಮ, ಸಾಳುವ, ತುಳುವ, ಅರವೀಡು ಎಂದು ನಾಲ್ಕು ವಂಶಗಳನ್ನು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ. ಆದರೆ ಆ ಫೋಟೋದ ವಿಷಯ ನನಗೆ ತಿಳಿದದ್ದು ತೀರ ತಡವಾಗಿ. ತಿಳಿದ ಮೇಲೆ ನಮ್ಮ ಮನೆಯ ಹಳೆಯ ಆಲ್ಬಮ್ಮನ್ನೇ ಬೇರೆ ರೀತಿಯಲ್ಲಿ ನೋಡುವಂತಾಯಿತು. ಆ ಎರಡು ಕಥೆಗಳನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ದೊಡ್ಡವರ ಕಥೆ.

ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಮದರಾಸು ಸೈನ್ಯದ ಅಧಿಕಾರಿ. ಹುಟ್ಟಿದ್ದು 1818ರಲ್ಲಿ, ತೀರಿಕೊಂಡದ್ದು 1870ರಲ್ಲಿ. ಆಗಿನ ಸೇನಾಧಿಕಾರಿಗಳಲ್ಲಿ ಕೆಲವರಿಗೆ ಬೇಟೆಯ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು. ಈತನಿಗೆ ಫೋಟೋದ ಹುಚ್ಚು. 1856ರಲ್ಲಿ ಹಂಪಿಗೆ ಬಂದು ಅಲ್ಲಿನ ಗುಡಿ, ಗೋಪುರ, ಮಂಟಪಗಳ ಸುಮಾರು ಅರವತ್ತು ಚಿತ್ರಗಳನ್ನು ತೆಗೆದ. ಇವತ್ತು ನಮ್ಮ ಮಕ್ಕಳು ಮೊಬೈಲಿನಲ್ಲಿ ಅರವತ್ತು ಫೋಟೋಗಳನ್ನು ಬಸ್ಸಿನಿಂದ ಇಳಿಯುವಷ್ಟರಲ್ಲಿ ತೆಗೆದು ಮುಗಿಸುತ್ತಾರೆ. ಆದರೆ ಆ ಕಾಲದಲ್ಲಿ ಒಂದು ಫೋಟೋ ಎಂದರೆ ಒಂದು ದಿನದ ದುಡಿಮೆ.

ಫ್ರಾನ್ಸಿನ ಡಾಗೆರ್ ತನ್ನ ಫೋಟೋ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಅದು ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಮೂಡುವ ಚಿತ್ರ. ಒಂದಕ್ಕೆ ಒಂದೇ. ಇನ್ನೊಂದು ಪ್ರತಿ ಬೇಕೆಂದರೆ ಇಲ್ಲ. ಎರಡು ವರ್ಷ ಕಳೆದು, 1841ರಲ್ಲಿ, ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಮೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಒಂದು ನೆಗೆಟಿವ್ ಇದ್ದರೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಗ್ರೀನ್‌ಲಾ ಹಂಪಿಯಲ್ಲಿ ಬಳಸಿದ್ದು ಈ ಕಾಗದದ ವಿಧಾನವನ್ನೇ.

ಅದನ್ನು ಓದಿದಾಗ ನನಗೆ ಇದು ಅರ್ಧ ಅಡುಗೆಮನೆಯ ಕೆಲಸವಲ್ಲವೇ ಅನ್ನಿಸಿತು. ಒಳ್ಳೆಯ ಕಾಗದವನ್ನು ಆರಿಸಿ, ಬೆಳ್ಳಿಯ ಲವಣದ ದ್ರಾವಣ ಸವರಿ, ಕತ್ತಲಲ್ಲಿ ಒಣಗಿಸಬೇಕು. ಅದನ್ನು ಕ್ಯಾಮೆರಾದ ಒಳಗಿಟ್ಟು ಹೊತ್ತುಕೊಂಡು ಹೋಗಬೇಕು. ಕ್ಯಾಮೆರಾ ಎಂದರೆ ಜೇಬಿಗೆ ಹಾಕಿಕೊಳ್ಳುವಂಥದಲ್ಲ, ಗ್ರೀನ್‌ಲಾನ ನೆಗೆಟಿವ್ ಒಂದೊಂದೂ ಒಂದು ಅಡಿಗಿಂತ ದೊಡ್ಡದು. ಆಗ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಸೌಕರ್ಯ ಇರಲಿಲ್ಲ. ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ನೆಗೆಟಿವ್ ಎಷ್ಟು ದೊಡ್ಡದೋ ಪೆಟ್ಟಿಗೆ ಅದಕ್ಕಿಂತ ದೊಡ್ಡದಿರಬೇಕು. ಮಸೂರದ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಆಮೇಲೆ ಮತ್ತೆ ಕತ್ತಲಲ್ಲಿ ರಾಸಾಯನಿಕದಲ್ಲಿ ತೊಳೆದು ಚಿತ್ರ ಬರಿಸಬೇಕು. ಬಂದ ಕಾಗದಕ್ಕೆ ಬಿಸಿ ಮೇಣ ಸವರಿದರೆ ಅದು ಎಣ್ಣೆ ಹತ್ತಿದ ಕಾಗದದ ಹಾಗೆ ಪಾರದರ್ಶಕವಾಗುತ್ತದೆ. ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಫೋಟೋ ಸಿದ್ಧ. ಪ್ರತಿ ತೆಗೆಯುವ ಆ ಕಾಗದಕ್ಕೆ ಉಪ್ಪಿನ ನೀರು ಬಳಿಯುತ್ತಿದ್ದರು, ಇಲ್ಲವೇ ಮೊಟ್ಟೆಯ ಬಿಳಿಯ ಭಾಗವನ್ನು ಬಳಿಯುತ್ತಿದ್ದರು. ಹಂಪಿಯ ಬಿಸಿಲನ್ನೂ ಧೂಳನ್ನೂ ಬಲ್ಲವರಿಗೆ ಈ ಕೆಲಸದ ಕಷ್ಟ ಎಂಥದೆಂದು ಬೇರೆ ಹೇಳಬೇಕಿಲ್ಲ.

ಗ್ರೀನ್‌ಲಾ ಒಬ್ಬನೇ ಅಲ್ಲ. ಆ ಎರಡು ಮೂರು ವರ್ಷಗಳಲ್ಲಿ ಕರ್ನಾಟಕದ ಹಳೆಯ ಗುಡಿಗಳ ಮುಂದೆಲ್ಲ ಇಂಥ ಪೆಟ್ಟಿಗೆಗಳು ಬಂದು ನಿಂತವು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿಯೂ ನೀಲ್ ಎಂಬ ವೈದ್ಯನೂ ಕೂಡಿ ಬೇಲೂರು ಹಳೇಬೀಡುಗಳ ಚಿತ್ರ ತೆಗೆದರು. ಮುಂದಿನ ವರ್ಷ ಮದರಾಸಿನ ಪ್ರದರ್ಶನದಲ್ಲಿ ಟ್ರೈಪನ ಚಿತ್ರಗಳನ್ನು ಜನ ನೋಡಿದರು. ಇತ್ತ ನಮ್ಮ ಭಾಗದಲ್ಲಿ, 1855ರಲ್ಲಿ, ಮುಂಬಯಿ ಸರಕಾರದವರು ಥಾಮಸ್ ಬಿಗ್ಸ್ ಎಂಬ ಕ್ಯಾಪ್ಟನ್‌ನನ್ನು ಫೋಟೋ ತೆಗೆಯುವ ಕೆಲಸಕ್ಕೇ ನೇಮಿಸಿದರು. ಆತ ವಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಆತನನ್ನು ಸೈನ್ಯ ಮರಳಿ ಕರೆಸಿಕೊಂಡಾಗ ಪಿಗೂ ಎಂಬ ವೈದ್ಯ ಆ ಕೆಲಸವನ್ನು ಮುಂದುವರಿಸಿದ. ಮುಂಬಯಿಯಲ್ಲಿ 1854ರಲ್ಲೇ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. ಮದರಾಸು ಮತ್ತು ಕಲ್ಕತ್ತಗಳಲ್ಲಿ 1856ರಲ್ಲಿ ಹುಟ್ಟಿದವು.

ಇವರಿಗೆ ನಮ್ಮ ಗುಡಿಗಳ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಬಂತು ಎಂದು ನೀವು ಕೇಳಬಹುದು. ಕೆಲವರಿಗೆ ನಿಜವಾದ ಪ್ರೀತಿ ಇತ್ತು, ಇಲ್ಲವೆನ್ನಲಾರೆ. ಆದರೆ ಕಂಪನಿ ಸರಕಾರಕ್ಕೆ ಇದೊಂದು ಲೆಕ್ಕಾಚಾರವೂ ಆಗಿತ್ತು. ಹಿಂದೆ ಇಂಥ ಕಟ್ಟಡಗಳ ನಕಲು ತೆಗೆಯಲು ಚಿತ್ರಗಾರರನ್ನು ಸಂಬಳ ಕೊಟ್ಟು ವರ್ಷಗಟ್ಟಲೆ ಕೂಡಿಸಬೇಕಾಗಿತ್ತು. ಕ್ಯಾಮೆರಾ ಬಂದ ಮೇಲೆ ಕೆಲಸ ಬೇಗ ಮುಗಿಯುತ್ತಿತ್ತು, ಖರ್ಚೂ ಕಡಿಮೆ. ಗೆದ್ದ ನಾಡಿನ ಹೊಲ, ಕೆರೆ, ಕೋಟೆಗಳನ್ನು ನಕ್ಷೆ ಮಾಡಿಕೊಂಡಂತೆ ಗುಡಿಗಳನ್ನೂ ಚಿತ್ರ ಮಾಡಿಕೊಂಡರು. ಹಂಪಿಯ ಮೊದಲ ನಕ್ಷೆಯನ್ನು 1799ರಲ್ಲಿ ಮಾಡಿಸಿದ ಕಾಲಿನ್ ಮೆಕೆಂಜಿಯೂ ಸೈನ್ಯದವನೇ. ಗ್ರೀನ್‌ಲಾ ಹಂಪಿಗೆ ಬಂದ ಎರಡೇ ವರ್ಷಕ್ಕೆ, 1858ರಲ್ಲಿ, ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿಯ ಭೀಮರಾಯ ಇದೇ ಕಂಪನಿಯ ವಿರುದ್ಧ ಎದ್ದು ನಿಂತರು ಎಂಬುದನ್ನು ಗದಗಿನ ಕಡೆಯವಳಾದ ನಾನು ಮರೆಯುವಂತಿಲ್ಲ.

ನೀಲ್, ಬಿಗ್ಸ್, ಪಿಗೂ ಇವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಪುಸ್ತಕವಾಗಿ ಬಂದವು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ ಇದ್ದ ಆ ಪುಸ್ತಕಕ್ಕೆ ಬರೆಹ ಒದಗಿಸಿದವರು ನಮ್ಮ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್. ಹಣ ಕೊಟ್ಟವರು ಮುಂಬಯಿಯ ವ್ಯಾಪಾರಿ ಪ್ರೇಮಚಂದ ರಾಯಚಂದ. ಪುಸ್ತಕದಲ್ಲಿ ಫೋಟೋಗಳನ್ನು ಅಚ್ಚು ಹಾಕುವ ವಿದ್ಯೆ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ನಿಜವಾದ ಫೋಟೋಗಳನ್ನೇ ಒಂದೊಂದಾಗಿ ಹಾಳೆಗೆ ಅಂಟಿಸುತ್ತಿದ್ದರು.

ಗ್ರೀನ್‌ಲಾನ ಹಂಪಿಗೆ ಮಾತ್ರ ಈ ಭಾಗ್ಯ ಬರಲಿಲ್ಲ. ಆತನ ಮೇಣದ ಕಾಗದಗಳು ಇಂಗ್ಲೆಂಡಿಗೆ ಹೋಗಿ ಯಾವುದೋ ಮನೆಯಲ್ಲಿ ನೂರು ವರ್ಷಕ್ಕೂ ಮೇಲೆ ಸುಮ್ಮನೆ ಬಿದ್ದಿದ್ದವು. ಅವು ಮತ್ತೆ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1980ರ ಸುಮಾರಿಗೆ. ಆಗ ಜಾರ್ಜ್ ಮಿಶೆಲ್, ಜಾನ್ ಫ್ರಿಟ್ಸ್ ಮೊದಲಾದವರು ಹಂಪಿಯಲ್ಲಿ ಮಂಟಪ ಮಂಟಪವನ್ನೂ ಅಳೆದು ಬರೆಯುವ ಕೆಲಸದಲ್ಲಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ತನ್ನ ಪೆಟ್ಟಿಗೆ ಇಟ್ಟಿದ್ದ ಜಾಗಗಳನ್ನು ಹುಡುಕಿ, ಅದೇ ನೋಟಗಳನ್ನು ಮತ್ತೆ ತೆಗೆದ. ನೂರ ಇಪ್ಪತ್ತೇಳು ವರ್ಷಗಳ ಅಂತರದ ಎರಡು ಹಂಪಿಗಳನ್ನು ಪಕ್ಕ ಪಕ್ಕ ಇಟ್ಟು ಪ್ರದರ್ಶನ ಮಾಡಿದರು. ಮುಂದೆ 2008ರಲ್ಲಿ ಅಲ್ಕಾಜಿ ಸಂಗ್ರಹದವರು ಈ ಚಿತ್ರಗಳ ಪುಸ್ತಕವನ್ನೂ ಮಿಶೆಲ್ ಅವರ ಸಂಪಾದಕತ್ವದಲ್ಲಿ ತಂದರು. ರಥದ ಶಿಖರ ನಮಗೆ ಮರಳಿ ಸಿಕ್ಕಿದ್ದು ಹೀಗೆ.

ಈಗ ಸಣ್ಣವರ ಕಥೆ.

1979ರ ಡಿಸೆಂಬರ್. ನನಗೆ ಹನ್ನೊಂದು ವರ್ಷ. ಅಪ್ಪ ಗದಗಿನಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರು. ನಾವು ನಾಲ್ವರು ಮಕ್ಕಳು. ಪ್ರವಾಸ ಎಂದರೆ ನಮಗೆ ಅಜ್ಜಿಯ ಊರಿಗೆ ಹೋಗುವುದು, ಮದುವೆಗೆ ಹೋಗುವುದು, ಮನೆದೇವರಿಗೆ ಹೋಗುವುದು. ಬರಿಯ ನೋಡುವುದಕ್ಕೆಂದೇ ಒಂದು ಊರಿಗೆ ಹೋದದ್ದು ಅದೇ ಮೊದಲು. ಅಪ್ಪ ತಮ್ಮ ಕಚೇರಿಯ ಗೆಳೆಯರಿಂದ ಒಂದು ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾವನ್ನು ಎರಡು ದಿನದ ಮಟ್ಟಿಗೆ ಕೇಳಿ ತಂದಿದ್ದರು. ಬಡೋದೆಯಲ್ಲಿ ತಯಾರಾಗುತ್ತಿದ್ದ ಆ ಕಪ್ಪು ಕ್ಯಾಮೆರಾವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಹಿಂದುಗಡೆ ಒಂದು ಪುಟ್ಟ ಕೆಂಪು ಕಿಟಕಿ. ಅದರಲ್ಲಿ ನಂಬರು ಕಾಣುವವರೆಗೆ ರೋಲು ತಿರುಗಿಸಬೇಕು. ಒಂದು ರೋಲಿಗೆ ಹನ್ನೆರಡು ಚಿತ್ರ. ಹನ್ನೆರಡೇ.

ಅಪ್ಪ ಹಿಂದಿನ ರಾತ್ರಿಯೇ ಹನ್ನೆರಡು ಚಿತ್ರಗಳ ಯಾದಿ ಮಾಡಿದ್ದರು. ವಿರೂಪಾಕ್ಷ ಗುಡಿಯ ಗೋಪುರ ಒಂದು, ಉಗ್ರ ನರಸಿಂಹ ಒಂದು, ಸಾಸಿವೆಕಾಳು ಗಣಪತಿ ಒಂದು, ಕಮಲ ಮಹಲ್ ಒಂದು, ಆನೆಲಾಯ ಒಂದು, ಕಲ್ಲಿನ ರಥ ಎರಡು, ಹೀಗೆ. ಅವ್ವ ಅದೇ ಹೊತ್ತಿಗೆ ಒಲೆಯ ಮುಂದೆ ಕುಳಿತು ಇನ್ನೊಂದು ಯಾದಿ ಮಾಡುತ್ತಿದ್ದಳು: ಕಡಕ್ ರೊಟ್ಟಿ, ಚಪಾತಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ. ಅದಕ್ಕೆ ಅವಳಿಗೆ ಕಾಗದ ಬೇಕಾಗಿರಲಿಲ್ಲ.

ಬೆಳಗಿನ ರೈಲು ಹತ್ತಿದೆವು. ಆಗ ಈ ಮಾರ್ಗ ಇನ್ನೂ ಮೀಟರ್ ಗೇಜ್. ಕೊಪ್ಪಳ ದಾಟಿ, ಮುನಿರಾಬಾದ್ ದಾಟಿ, ಹೊಸಪೇಟೆಗೆ ಬರುವಷ್ಟರಲ್ಲಿ ಚಿಕ್ಕ ತಮ್ಮನ ಮೈ ಬಿಸಿಯಾಗಿತ್ತು. ಬಸ್ಸಿನಲ್ಲಿ ಹಂಪಿಗೆ ಬಂದು ಇಳಿದಾಗ ಅವನು ಅವ್ವನ ಹೆಗಲು ಬಿಡಲೊಲ್ಲ. ವಿರೂಪಾಕ್ಷನ ದರ್ಶನ ಮಾಡಿದೆವು. ಮುಂದೆ ವಿಠ್ಠಲ ಗುಡಿಗೆ ಹೊಳೆಯ ದಂಡೆಗುಂಟ ಎರಡು ಕಿಲೋಮೀಟರು ನಡೆಯಬೇಕು. ಅವ್ವ ಬಜಾರದ ಸಾಲು ಮಂಟಪದ ಕಟ್ಟೆಯ ಮೇಲೆ ಬುತ್ತಿಗಂಟು ಇಳಿಸಿ ಕುಳಿತುಬಿಟ್ಟಳು.

"ನೀವು ಹೋಗಿ ಬರ್ರಿ. ಈ ಕೂಸಿನ ಮೈ ಸುಡಾಕ ಹತ್ತೇದ. ಗಂಟು ನೋಡ್ಕೋತ ನಾ ಇಲ್ಲೇ ಕುಂದರ್ತೀನಿ" ಎಂದಳು.

"ಕಲ್ಲಿನ ರಥ ನೋಡಬೇಕಂತ ಬಂದು ನೀನ ನೋಡ್ಲಿಲ್ಲಂದ್ರ ಹೆಂಗ?" ಎಂದರು ಅಪ್ಪ.

"ಕಲ್ಲು ಎಲ್ಲಿ ಓಡಿ ಹೋಗ್ತಾವ? ಮುಂದ ಬಂದಾಗ ನೋಡಿದರಾತು."

ಆ ಮುಂದೆ ಬರಲೇ ಇಲ್ಲ. ಅವ್ವ ಆಮೇಲೆ ನಲವತ್ತು ವರ್ಷ ಬದುಕಿದಳು. ಗದಗಿನಿಂದ ಹಂಪಿ ಏನು ದೂರ? ಅರ್ಧ ದಿನದ ಹಾದಿ. ಆದರೆ ಪ್ರತಿ ವರ್ಷ ಏನಾದರೊಂದು ಬರುತ್ತಿತ್ತು. ಬಾಣಂತನ, ಪರೀಕ್ಷೆ, ಅಜ್ಜನ ಬೇನೆ, ಮದುವೆ, ಮತ್ತೆ ಬಾಣಂತನ. ಅವಳು 2019ರಲ್ಲಿ ತೀರಿಕೊಂಡಳು. ಕಲ್ಲಿನ ರಥವನ್ನು ಕಣ್ಣಾರೆ ಕಾಣಲಿಲ್ಲ. ನೋಟಿನ ಮೇಲೆ ಮಾತ್ರ ಕಂಡಳು.

ತೀರಿಕೊಂಡ ಮೂರನೆಯ ದಿನ ಒಂದು ಪೇಚು ಎದುರಾಯಿತು. ಗೋಡೆಗೆ ಹಾಕಲು, ಹೂವಿನ ಮಾಲೆ ಏರಿಸಲು, ಅವ್ವನ ಒಂದು ಒಳ್ಳೆಯ ಫೋಟೋ ಬೇಕಲ್ಲ! ಮನೆಯ ಆಲ್ಬಮ್ಮುಗಳನ್ನೆಲ್ಲ ತೆಗೆದು ಹರವಿಕೊಂಡು ಕುಳಿತೆವು. ನಮ್ಮ ಹುಟ್ಟುಹಬ್ಬ, ಜವಳ, ಶಾಲೆಯ ಗುಂಪುಚಿತ್ರ, ನನ್ನ ಮದುವೆ, ತಮ್ಮಂದಿರ ಮದುವೆ. ಎಲ್ಲೆಡೆ ಅವ್ವ ಇದ್ದಳು, ಆದರೆ ಎಲ್ಲಿಯೂ ಇರಲಿಲ್ಲ. ಒಂದರಲ್ಲಿ ಆರತಿ ತಟ್ಟೆ ಹಿಡಿದ ಕೈ ಮಾತ್ರ ಇತ್ತು. ಇನ್ನೊಂದರಲ್ಲಿ ಬಡಿಸುತ್ತಾ ಬಗ್ಗಿದ್ದಳು, ಮುಖ ಕಾಣುತ್ತಿರಲಿಲ್ಲ. ಕಡೆಗೆ ಚುನಾವಣೆಯ ಗುರುತಿನ ಚೀಟಿಯಲ್ಲಿದ್ದ ಅಂಚೆಚೀಟಿಯಷ್ಟು ಚಿತ್ರವನ್ನೇ ಸ್ಟುಡಿಯೋದವರಿಗೆ ಕೊಟ್ಟು ದೊಡ್ಡದು ಮಾಡಿಸಿದೆವು. ಅದರಲ್ಲಿ ಅವ್ವ ಯಾರೋ ಗದರಿಸಿ ಕೂಡಿಸಿದವರ ಹಾಗೆ ಕಾಣುತ್ತಾಳೆ. ಹಂಪಿಯ ಹನ್ನೆರಡು ಚಿತ್ರಗಳನ್ನಂತೂ ನಾವು ತೆರೆದೂ ನೋಡಲಿಲ್ಲ. ಅವುಗಳಲ್ಲಿ ಅವ್ವ ಇಲ್ಲ ಎಂಬುದು ನಮಗೆಲ್ಲ ಗೊತ್ತೇ ಇತ್ತು.

ನಿಮ್ಮ ಮನೆಯ ಆಲ್ಬಮ್ಮನ್ನೂ ಒಮ್ಮೆ ತೆಗೆದು ನೋಡಿ. ತಾಯಂದಿರ ಚಿತ್ರ ಎಷ್ಟಿವೆ ಎಂದು ಎಣಿಸಿ. ಆ ಕಾಲದಲ್ಲಿ ಕ್ಯಾಮೆರಾ ಗಂಡಸರ ಕೈಯಲ್ಲಿತ್ತು. ಸೀರೆಯುಟ್ಟು ಸೈಕಲ್ಲಿನ ಮೇಲೆ ಕ್ಯಾಮೆರಾ ಹೇರಿಕೊಂಡು ದಿಲ್ಲಿಯ ಬೀದಿಗಳನ್ನು ಸುತ್ತಿದ ಹೋಮಾಯಿ ವ್ಯಾರಾವಾಲಾ ಅಂಥವರು ಎಲ್ಲೋ ಒಬ್ಬರು. ಉಳಿದವರ ಕೈಯಲ್ಲಿ ಕೂಸೋ ಗಂಟೋ ಇರುತ್ತಿತ್ತು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಹನ್ನೆರಡೇ ಚಿತ್ರ ಇದ್ದಾಗ, ಮತ್ತೆ ಬರುತ್ತೇವೋ ಇಲ್ಲವೋ ಎಂಬ ಊರಿನಲ್ಲಿ, ಯಾರಾದರೂ ಗೋಪುರದ ಚಿತ್ರವನ್ನೇ ತೆಗೆಯುತ್ತಾರೆ. ಹೆಂಡತಿ ಮನೆಯಲ್ಲಿ ದಿನವೂ ಇರುತ್ತಾಳಲ್ಲ!

2021ರಲ್ಲಿ ಶಾಲೆ ಮುಚ್ಚಿ ಮನೆಯಲ್ಲೇ ಇರಬೇಕಾದಾಗ ಗ್ರೀನ್‌ಲಾನ ಚಿತ್ರಗಳ ಬಗ್ಗೆ ಓದಿದೆ. 1856, 1983 ಎಂದು ಜೋಡಿ ಚಿತ್ರಗಳನ್ನು ನೋಡುತ್ತಿದ್ದಂತೆ ನಮ್ಮಲ್ಲಿಯೂ 1979ರ ಹಂಪಿ ಇದೆಯಲ್ಲ ಎಂದು ನೆನಪಾಯಿತು. ಟ್ರಂಕಿನಿಂದ ಆ ಹನ್ನೆರಡನ್ನು ತೆಗೆದೆ. ನಕ್ಷೆ ನೋಡಲೆಂದು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡತೊಡಗಿದೆ. ನಾಲ್ಕನೆಯದು ಗೋಪುರದ ಚಿತ್ರ. ವಿಠ್ಠಲ ಗುಡಿಗೆ ಹೊರಟ ಅಪ್ಪ ಬಜಾರದ ನಡುವೆ ನಿಂತು, ಹಿಂತಿರುಗಿ ತೆಗೆದದ್ದು. ನಡುವೆ ಒಂಬತ್ತು ಅಂತಸ್ತಿನ ಗೋಪುರ, ಎರಡೂ ಬದಿಗೆ ಕಲ್ಲುಕಂಬದ ಸಾಲು ಮಂಟಪಗಳು. ಬಲಗಡೆಯ ಸಾಲಿನಲ್ಲಿ, ಚಿತ್ರದ ಅಂಚಿನಲ್ಲಿ, ಒಂದು ಅಂಗಡಿ. ಬಾಳೆಗೊನೆ ತೂಗುಬಿಟ್ಟಿದ್ದಾರೆ, ಬುಟ್ಟಿಯಲ್ಲಿ ಕಾಯಿ ಇಟ್ಟಿದ್ದಾರೆ. ಅಂಗಡಿಯಾಕೆ ಕುಳಿತಿದ್ದಾಳೆ. ಅವಳ ಪಕ್ಕದ ಕಟ್ಟೆಯ ಮೇಲೆ ಒಂದು ಗಂಟು, ಗಂಟಿನ ಪಕ್ಕದಲ್ಲಿ ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡ ಇನ್ನೊಬ್ಬ ಹೆಂಗಸು. ಜೋಳದ ಕಾಳಿನಷ್ಟು ಮುಖ.

ಅವ್ವ!

ಮುಖ ಅಲುಗಾಡಿದೆ. ಕ್ಲಿಕ್ ಥ್ರೀಯಂಥ ಕ್ಯಾಮೆರಾಕ್ಕೆ ಚಲಿಸುವವರನ್ನು ಹಿಡಿಯುವ ಚುರುಕು ಇರಲಿಲ್ಲ. ಅಂಗಡಿಯಾಕೆ ಏನೋ ಹೇಳಿದ್ದಾಳೆ, ಅವ್ವ ಆಕೆಯ ಕಡೆ ತಿರುಗುತ್ತಿದ್ದಾಳೆ, ಅಷ್ಟರಲ್ಲಿ ಅಪ್ಪ ಗುಂಡಿ ಒತ್ತಿದ್ದಾರೆ. ಆದರೆ ಆ ತಿರುಗುವ ರೀತಿ, ಹೆಗಲ ಮೇಲಿನ ಸೆರಗನ್ನು ಎಡಗೈಯಿಂದ ಹಿಡಿದುಕೊಂಡ ರೀತಿ ಅವ್ವನದೇ. ನಕ್ಕಿದ್ದಾಳೆ ಎಂದೂ ನನಗೆ ಅನ್ನಿಸುತ್ತದೆ. ಅಪ್ಪನಿಗೆ ಅದು ಗೊತ್ತಿರಲಿಕ್ಕಿಲ್ಲ. ಅವರ ಕಣ್ಣು ಗೋಪುರದ ಕಳಸದ ಮೇಲಿತ್ತು. ನಾವು ನಾಲ್ಕು ದಶಕ ಆ ಚಿತ್ರವನ್ನು ನೋಡಿದ್ದೆವು, ಬಂದವರಿಗೆ ತೋರಿಸಿದ್ದೆವು. ನಮ್ಮ ಕಣ್ಣೂ ಗೋಪುರದ ಮೇಲೆಯೇ ಇತ್ತು.

ಮರುವರ್ಷ, 2022ರ ಡಿಸೆಂಬರಿನಲ್ಲಿ, ಒಂಬತ್ತನೆಯ ಇಯತ್ತೆಯ ಹುಡುಗಿಯರನ್ನು ಕರೆದುಕೊಂಡು ಹಂಪಿಗೆ ಹೋದೆ. ನಾವು ಹೋದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮೊದಲು ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಗೆ ಹೋದೆವು. ಅಲ್ಲಿ ಒಂದು ಸಣ್ಣ ಕಿಂಡಿಯಿಂದ ಬೆಳಕು ಬಂದು ಗೋಪುರದ ನೆರಳು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ನಮ್ಮ ವಿಜ್ಞಾನದ ಟೀಚರು ಬೆಳಕು ನೆಟ್ಟಗೆ ಚಲಿಸುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಎಂದು ವಿವರಿಸಿದರು. ಸೂಜಿರಂಧ್ರದ ಕ್ಯಾಮೆರಾದ ಪಾಠವನ್ನು ರಟ್ಟಿನ ಡಬ್ಬಿಯಲ್ಲಿ ಮಾಡಿದ್ದ ಹುಡುಗಿಯರು ಕಲ್ಲಿನ ಡಬ್ಬಿಯಲ್ಲಿ ಅದನ್ನೇ ಕಂಡು ಬಾಯಿ ತೆರೆದರು. ಕ್ಯಾಮೆರಾ ಎಂಬ ಮಾತಿಗೆ ಮೂಲದಲ್ಲಿ ಕೋಣೆ ಎಂದೇ ಅರ್ಥ ಎಂದು ನಾನು ಸೇರಿಸಿದೆ. ಆ ಕೋಣೆಗೆ ಕೊರತೆ ಒಂದೇ. ಬಿದ್ದ ನೆರಳನ್ನು ಅದು ಹಿಡಿದಿಡಲಾರದು. ಅದನ್ನು ಹಿಡಿದಿಡುವ ಉಪಾಯವನ್ನೇ ಡಾಗೆರ್ ಮತ್ತು ಟಾಲ್ಬಟ್ ಕಂಡುಕೊಂಡದ್ದು.

ಅಲ್ಲಿಂದ ವಿಠ್ಠಲ ಗುಡಿಗೆ. ನಮ್ಮನ್ನು ಕರೆದೊಯ್ದ ಬ್ಯಾಟರಿ ಗಾಡಿಯನ್ನು ಓಡಿಸುತ್ತಿದ್ದವಳು ಒಬ್ಬ ತರುಣಿ. ನಮ್ಮ ಹುಡುಗಿಯರಿಗೆ ಕಲ್ಲಿನ ರಥಕ್ಕಿಂತ ಅವಳೇ ದೊಡ್ಡ ವಿಸ್ಮಯ! ರಥದ ಮುಂದೆ ಗ್ರೀನ್‌ಲಾನ ಚಿತ್ರದ ಝೆರಾಕ್ಸ್ ಪ್ರತಿಗಳನ್ನು ಹಂಚಿದೆ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಐವತ್ತರ ನೋಟು. ಆತ ಎಲ್ಲಿ ನಿಂತಿದ್ದ, ಹುಡುಕಿ ನೋಡೋಣ ಎಂದೆ. ಕಂಬಗಳ ಅಂತರ ನೋಡುತ್ತಾ, ಹಿಂದೆ ಮುಂದೆ ಸರಿಯುತ್ತಾ, ಕಾಲು ಗಂಟೆಯಲ್ಲಿ ಜಾಗ ಗೊತ್ತುಮಾಡಿಯೇ ಬಿಟ್ಟರು. ಮೇಲಿನ ಇಟ್ಟಿಗೆಯ ಶಿಖರ ಎಲ್ಲಿಯವರೆಗೆ ಬರುತ್ತಿತ್ತು ಎಂದು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು. ಅಷ್ಟರಲ್ಲಿ ಒಬ್ಬ ಹುಡುಗಿ ಕೇಳಿದಳು:

"ಟೀಚರ್, ಈ ಹಳೇ ಫೋಟೋದಾಗ ಮಂದಿನ ಇಲ್ಲಲ್ರಿ. ಆಗ ಇಲ್ಲಿ ಯಾರೂ ಇರ್ತಿದ್ದಿಲ್ಲೇನ್ರಿ?"

ಇಷ್ಟು ವರ್ಷದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಕೇಳಿದವರು ಕಡಿಮೆ. ಅವಳಿಗೆ ಪ್ಯಾರಿಸಿನ ಕಥೆ ಹೇಳಿದೆ. 1838ರಲ್ಲಿ ಡಾಗೆರ್ ತನ್ನ ಕಿಟಕಿಯಿಂದ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಗಾಡಿಗಳು, ಕುದುರೆಗಳು, ಜನ ತುಂಬಿ ತುಳುಕುವ ಬೀದಿ. ಚಿತ್ರದಲ್ಲಿ ಮಾತ್ರ ಬೀದಿ ಬರಿದು. ನಿಮಿಷಗಟ್ಟಲೆ ತೆರೆದಿಟ್ಟ ಕ್ಯಾಮೆರಾಕ್ಕೆ ಚಲಿಸುವವರು ಯಾರೂ ಕಾಣಲಿಲ್ಲ. ಒಂದು ಮೂಲೆಯಲ್ಲಿ ಬೂಟು ತಿಕ್ಕಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದ ಒಬ್ಬ ಮನುಷ್ಯನ ಆಕೃತಿ ಮಾತ್ರ ಮೂಡಿತು, ತಿಕ್ಕುವವನದು ಅಷ್ಟಿಷ್ಟು. ಹಂಪಿಯಲ್ಲಿಯೂ ಜನ ಇದ್ದರು. ಆದರೆ ಅವರು ನೀರು ಹೊರುತ್ತಿದ್ದರು, ದನ ಕಾಯುತ್ತಿದ್ದರು, ಕಟ್ಟಿಗೆ ತರುತ್ತಿದ್ದರು. ಅಲುಗದೆ ನಿಂತವರು ಚಿತ್ರಕ್ಕೆ ಸಿಕ್ಕರು, ಕೆಲಸದಲ್ಲಿದ್ದವರು ಸಿಗಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ನಮ್ಮವ್ವ ಯಾವ ಫೋಟೋದಾಗೂ ಬರ್ತಿದ್ದಿಲ್ಲ ಬಿಡ್ರಿ" ಎಂದಳು. ಉಳಿದವರು ನಕ್ಕರು. ನನಗೆ ಗಂಟಲು ಕಟ್ಟಿದಂತಾಗಿ ನೀರಿನ ಬಾಟಲಿ ಹುಡುಕಿದೆ.

ಮರಳುವಾಗ ಬಜಾರದಲ್ಲಿ ಅಪ್ಪ ನಿಂತ ಜಾಗದಲ್ಲಿ ನಾನು ನಿಂತೆ. ಗೋಪುರ ಹಾಗೆಯೇ ಇದೆ, ಸಾಲು ಮಂಟಪಗಳೂ ಇವೆ. ಬಲಗಡೆಯ ಅಂಗಡಿ ಇಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ 2006ರಲ್ಲಿ ಅದರಿಂದ ಹೊರಬಂತು. 2011ರ ಜುಲೈಯಲ್ಲಿ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನೆಲ್ಲ ತೆಗೆಸಿದರು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಕಡೆ ಜಾಗ ಎಂದಾಯಿತು. ಐನೂರು ವರ್ಷದ ಕಂಬಗಳ ನಡುವೆ ಗೋಡೆ ಕಟ್ಟಿ, ಸಿಮೆಂಟು ಹಾಕಿ, ಒಲೆ ಉರಿಸಿದರೆ ಕಲ್ಲು ಎಷ್ಟು ದಿನ ತಾಳೀತು ಎಂಬ ಮಾತನ್ನು ತಳ್ಳಿಹಾಕಲಾರೆ. ಇತಿಹಾಸದ ಟೀಚರಾಗಿ ಕಲ್ಲಿನ ಪಕ್ಷವನ್ನು ವಹಿಸುವುದು ನನ್ನ ಧರ್ಮ. ಆದರೆ ಬಜಾರ ಎಂದರೆ ಕೊಡುವವರು ಕೊಳ್ಳುವವರು ಇರುವ ಜಾಗವಲ್ಲವೇ? 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಈ ನಗರದ ಪೇಟೆಗಳ ಸಡಗರವನ್ನೇ ಬೆರಗಿನಿಂದ ಬರೆದಿಟ್ಟಿದ್ದಾನೆ. ಇಂದು ಬೆಳಗಿನ ಜಾವ ದುಬಾರಿ ಕ್ಯಾಮೆರಾ ಹಿಡಿದು ಬಂದವರು ಒಬ್ಬ ಮನುಷ್ಯನೂ ಅಡ್ಡ ಬಾರದ ಚಿತ್ರಕ್ಕಾಗಿ ಕಾಯುತ್ತಾರೆ. ಗ್ರೀನ್‌ಲಾನ ಪೆಟ್ಟಿಗೆಗೆ ಜನರನ್ನು ಹಿಡಿಯುವ ಶಕ್ತಿ ಇರಲಿಲ್ಲ. ಶಕ್ತಿ ಇರುವ ನಮಗೆ ಈಗ ಜನ ಬೇಡವಾಗಿದ್ದಾರೆ. ಅವ್ವನ ಸಂಗಡ ಆ ದಿನ ಮಾತಾಡಿದ ಬಾಳೆಹಣ್ಣಿನ ಹೆಂಗಸು ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಕೂಸಿಗೆ ಕುಡಿಸಲು ನೀರು ಕಾಯಿಸಿ ಕೊಟ್ಟವಳು ಆಕೆಯೇ ಎಂದು ಅವ್ವ ಎಷ್ಟೋ ಸಲ ನೆನೆಸಿಕೊಳ್ಳುತ್ತಿದ್ದಳು. ನಾವು ರಥ ನೋಡಿ ಬಂದೆವು. ಅವ್ವ ಆ ಹೆಂಗಸನ್ನು ನೋಡಿ ಬಂದಳು.

ಅಪ್ಪ ನೆಗೆಟಿವ್‌ಗಳನ್ನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಪ್ರವಾಸದಿಂದ ಬಂದ ಮೇಲೆ ನಾಲ್ಕನೆಯದನ್ನು ಸ್ಟುಡಿಯೋಕ್ಕೆ ಒಯ್ದೆ. ಸ್ಟುಡಿಯೋದ ಹುಡುಗ ಅದನ್ನು ಕಂಪ್ಯೂಟರಿಗೆ ಏರಿಸಿ, "ಮೇಡಮ್, ಈ ಮೂಲಿಯೊಳಗಿನವರು ಅಲುಗಾಡ್ಯಾರ. ಗುಡಿ ಮಸ್ತ್ ಬಂದೇತಿ. ಮೂಲಿ ಕತ್ತರಿಸಿ ಗುಡಿ ಅಷ್ಟ ದೊಡ್ಡದು ಮಾಡ್ಲ್ಯಾ? ಇಲ್ಲಾ ಅವರನ್ನಷ್ಟ ಕತ್ತರಿಸಿ ಸ್ವಚ್ಛ ಮಾಡ್ಲ್ಯಾ?" ಎಂದು ಕೇಳಿದ.

"ಏನೂ ಕತ್ತರಿಸಬ್ಯಾಡಪಾ. ಇದ್ದದ್ದು ಇದ್ದಹಂಗ ದೊಡ್ಡದು ಮಾಡಿಕೊಡು" ಎಂದೆ.

ಈಗ ಅದು ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಗೋಪುರವಿದೆ, ಬಜಾರವಿದೆ, ಬಾಳೆಗೊನೆಯಿದೆ, ಬುತ್ತಿಗಂಟಿದೆ. ತಮ್ಮನೂ ಇದ್ದಾನೆ, ಜ್ವರದಲ್ಲಿ ಮಲಗಿದ್ದಾನೆ. ಮನೆಗೆ ಬಂದವರು ನೋಡಿದ ಕೂಡಲೇ, "ಹಂಪಿ ಅಲ್ಲೇನ್ರಿ? ಯಾವಾಗ ಹೋಗಿದ್ರಿ?" ಎಂದು ಕೇಳುತ್ತಾರೆ. ನಾನು ಎದ್ದು ಹೋಗಿ ಬಲಗಡೆಯ ಅಂಚಿನ ಮೇಲೆ ಬೆರಳಿಟ್ಟು ತೋರಿಸುತ್ತೇನೆ. ಆಮೇಲೆ ಚಹಕ್ಕೆ ಇಡುತ್ತೇನೆ.